ಭದ್ರತಾ ಪ್ರಶ್ನೆಯೂ ಸತ್ಯಾಣುವ್ರತವೂ

‘ನಿಮ್ಮ ತಾಯಿಯ ತವರುಮನೆಯ ಹೆಸರೇನು? ನೀವು ಹುಟ್ಟಿದ ಊರು ಯಾವುದು? ನೀವು ಕಲಿತ ಮೊದಲ ಶಾಲೆ ಯಾವುದು?’ ಗಣಕಯಂತ್ರದಲ್ಲಿಯೋ ಮೊಬೈಲಿನಲ್ಲಿಯೋ ಖಾತೆ ತೆರೆದವರೆಲ್ಲರೂ ಎಂದಾದರೊಮ್ಮೆ ಇಂತಹ ಪ್ರಶ್ನೆಗಳನ್ನು ಎದುರಿಸಿಯೇ ಇರುತ್ತಾರೆ. ಪಾಸ್‌ವರ್ಡ್ ಮರೆತುಹೋದಾಗ ಖಾತೆಯ ಒಡೆಯನು ತಾನೇ ಎಂದು ತೋರಿಸಿಕೊಡಲು ಈ ಉತ್ತರಗಳು ಬೇಕಾಗುತ್ತವೆ. ಆದುದರಿಂದ ಇವುಗಳಿಗೆ ಭದ್ರತಾ ಪ್ರಶ್ನೆಗಳೆಂದು ಹೆಸರು. ಮೇಲ್ನೋಟಕ್ಕೆ ಅತಿ ಸಾಮಾನ್ಯವಾಗಿ ಕಾಣುವ ಈ ಪ್ರಶ್ನೆಗಳು ಶ್ರಾವಕನಾದವನ ಮುಂದೆ ಒಂದು ಸೂಕ್ಷ್ಮವಾದ ಜಿಜ್ಞಾಸೆಯನ್ನು ಇಡುತ್ತವೆ. ನಿಜವಾದ ಉತ್ತರ ಬರೆದರೆ ಖಾತೆಗೆ ಅಪಾಯ. ಬೇರೆ ಏನನ್ನೋ ಬರೆದರೆ ಸತ್ಯವ್ರತಕ್ಕೆ ಭಂಗವಾಗುವುದೇ? ನಾಲ್ಕು ದಶಕಗಳಿಂದ ಜವಳಿ ವ್ಯಾಪಾರದಲ್ಲಿಯೂ, ಬಿಡುವಿನ ವೇಳೆಯಲ್ಲಿ ಶಾಸ್ತ್ರಾಧ್ಯಯನದಲ್ಲಿಯೂ ಕಾಲ ಕಳೆದಿರುವ ನನಗೆ ಈ ಪ್ರಶ್ನೆ ಅಲ್ಪವೆಂದು ತೋರಲಿಲ್ಲ. ಆ ಕುರಿತು ಚಿಂತಿಸಿದ್ದನ್ನು ಬಂಧುಗಳ ಮುಂದೆ ಇಡುತ್ತಿದ್ದೇನೆ.

ಈ ಪದ್ಧತಿ ಗಣಕಯಂತ್ರಕ್ಕಿಂತಲೂ ಹಳೆಯದು. 1906ರಲ್ಲಿ ಅಮೆರಿಕದ ಬ್ಯಾಂಕರುಗಳ ಸಂಘದ ಒಂದು ವಿಭಾಗದ ಸಭೆಯಲ್ಲಿ ಬಾಲ್ಟಿಮೋರ್ ನಗರದ ವಿಲಿಯಂ ಹೇಡನ್ ಎಂಬ ಬ್ಯಾಂಕರು ತಮ್ಮ ಸಂಸ್ಥೆಯ ಕ್ರಮವನ್ನು ವಿವರಿಸಿದ್ದರು. ಹೊಸ ಖಾತೆದಾರನ ಸಹಿಯ ಜೊತೆಗೆ ಅವನು ಹುಟ್ಟಿದ ಸ್ಥಳ, ವಾಸಸ್ಥಳ, ತಾಯಿಯ ವಿವಾಹಪೂರ್ವ ಹೆಸರು, ಉದ್ಯೋಗ, ವಯಸ್ಸು ಇವನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳುತ್ತಿದ್ದರು. ಸಹಿಯಲ್ಲಿ ಸಂದೇಹ ಬಂದಾಗ ಗುಮಾಸ್ತನು ಎದುರಿಗೆ ನಿಂತವನನ್ನು ಈ ಸಂಗತಿಗಳ ಬಗ್ಗೆ ಕೇಳಬಹುದಾಗಿತ್ತು. ಅಂದು ಕೇಳುವವನೂ ಮನುಷ್ಯ, ಹೇಳುವವನೂ ಮನುಷ್ಯ. ಮುಖ ನೋಡಿ ಅಳೆಯುವ ಅವಕಾಶವಿತ್ತು. ಇಂದು ಕೇಳುವುದು ಯಂತ್ರ. ಉತ್ತರ ಬರೆಯುವವನು ಸಾವಿರಾರು ಮೈಲಿ ದೂರದ ಅಪರಿಚಿತನಾಗಿದ್ದರೂ ಯಂತ್ರಕ್ಕೆ ತಿಳಿಯದು; ಅಕ್ಷರಗಳು ಹೊಂದಿದರೆ ಬಾಗಿಲು ತೆರೆಯುತ್ತದೆ.

ಹೀಗೆ ತೆರೆದ ಬಾಗಿಲುಗಳಿಗೆ ದೃಷ್ಟಾಂತಗಳು ಬೇಕಾದಷ್ಟಿವೆ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರ ಯಾಹೂ ಇ-ಮೇಲ್ ಖಾತೆಯನ್ನು ಒಬ್ಬ ಕಾಲೇಜು ವಿದ್ಯಾರ್ಥಿ ಪ್ರವೇಶಿಸಿದನು. ಅದಕ್ಕೆ ಅವನು ಬಳಸಿದ್ದು ಅವರ ಜನ್ಮದಿನಾಂಕ, ಅವರ ಊರಿನ ಅಂಚೆ ಸಂಖ್ಯೆ ಮತ್ತು ಅವರು ತಮ್ಮ ಪತಿಯನ್ನು ಮೊದಲು ಭೇಟಿಯಾದ ಸ್ಥಳ ಇಷ್ಟನ್ನೇ. ಇವೆಲ್ಲವೂ ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತಿದ್ದ ಸಂಗತಿಗಳು. 2009ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರೂ ಸೇರಿ ನಡೆಸಿದ ಅಧ್ಯಯನದಲ್ಲಿ, ಪಾಸ್‌ವರ್ಡ್ ಹೇಳುವಷ್ಟು ನಂಬಿಕೆಯಿಲ್ಲದ ಪರಿಚಿತರು ಕೂಡ ಶೇ. 17ರಷ್ಟು ಉತ್ತರಗಳನ್ನು ಊಹಿಸಬಲ್ಲವರಾಗಿದ್ದರು. ಉತ್ತರ ಬರೆದವರೇ ಆರು ತಿಂಗಳೊಳಗೆ ಶೇ. 20ರಷ್ಟು ಉತ್ತರಗಳನ್ನು ಮರೆತಿದ್ದರು. ಕಳ್ಳನಿಗೆ ಸುಲಭ, ಒಡೆಯನಿಗೆ ಕಠಿಣ ಎಂಬಂತಹ ಬೀಗವಿದು.

ನಮ್ಮ ಸಮಾಜದಲ್ಲಿ ಈ ದೌರ್ಬಲ್ಯ ಮತ್ತಷ್ಟು ಹೆಚ್ಚು. ಹಳೆಯ ಮೈಸೂರು ಭಾಗದಲ್ಲಿ ಊರಿನ ಮೊದಲಕ್ಷರವನ್ನು ಹೆಸರಿನ ಹಿಂದೆ ಇನಿಷಿಯಲ್ ಆಗಿ ಧರಿಸುತ್ತೇವೆ. ಉತ್ತರ ಕರ್ನಾಟಕದಲ್ಲಿ ಎಷ್ಟೋ ಮನೆಗಳಿಗೆ ಊರಿನ ಹೆಸರೇ ಅಡ್ಡಹೆಸರು. ಹುಟ್ಟಿದ ಊರು ಯಾವುದೆಂಬ ಪ್ರಶ್ನೆಗೆ ಉತ್ತರವನ್ನು ನಾವು ಅಂಗಡಿಯ ಬೋರ್ಡಿನ ಮೇಲೆಯೇ ಬರೆಸಿರುತ್ತೇವೆ. ತುಳುನಾಡಿನಲ್ಲಿ ಅಳಿಯಸಂತಾನ ಪದ್ಧತಿ ನಡೆದುಬಂದ ಜೈನ ಮನೆಗಳಲ್ಲಿ ತಾಯಿಯ ಮನೆತನವೇ ಮಕ್ಕಳ ಮನೆತನ. ಅಲ್ಲಿ ತಾಯಿಯ ತವರಿನ ಹೆಸರು ರಹಸ್ಯವಾಗುವುದು ಹೇಗೆ? ಇನ್ನುಳಿದವರ ವಿಷಯದಲ್ಲಿ ಲಗ್ನಪತ್ರಿಕೆ, ವಧೂವರರ ಮಾಹಿತಿ, ಶ್ರದ್ಧಾಂಜಲಿಯ ಪ್ರಕಟಣೆ, ಸಮಾಜದ ಡೈರೆಕ್ಟರಿ, ಬಸದಿಯ ದಾನಿಗಳ ಫಲಕ ಇವೆಲ್ಲ ಕೂಡಿ ಮೂರು ತಲೆಮಾರಿನ ವಿವರವನ್ನು ಒದಗಿಸುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಬಂಧುತ್ವ ಬೆಳೆಯುವುದೇ ಹೀಗೆ ಪರಸ್ಪರ ಅರಿತಿರುವುದರಿಂದ. ಆದರೆ ಊರಿಗೆಲ್ಲ ತಿಳಿದಿರುವ ಸಂಗತಿಯನ್ನು ತಿಜೋರಿಯ ಕೀಲಿಕೈಯನ್ನಾಗಿ ಮಾಡಿಕೊಳ್ಳುವುದು ವಿವೇಕವೆನಿಸದು.

ಮತ್ತೊಂದು ಅಂಶವೂ ಗಮನಾರ್ಹ. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ತಾಯಿಯ ತವರನ್ನು ಬದಲಾಯಿಸಲು ಬಾರದು. 2013ರ ಆಗಸ್ಟಿನಲ್ಲಿ ಯಾಹೂ ಸಂಸ್ಥೆಯ ಭಂಡಾರದಿಂದ ಮಾಹಿತಿ ಕಳುವಾಯಿತು. ಅದು 2016ರಲ್ಲಿ ಹೊರಬಿದ್ದಾಗ 100 ಕೋಟಿ ಖಾತೆಗಳೆಂದರು. 2017ರಲ್ಲಿ ಅಂದಿನ ಎಲ್ಲ 300 ಕೋಟಿ ಖಾತೆಗಳೆಂದು ತಿದ್ದಿ ಹೇಳಿದರು. ಕಳುವಾದುದರಲ್ಲಿ ಭದ್ರತಾ ಪ್ರಶ್ನೆಗಳೂ ಉತ್ತರಗಳೂ ಇದ್ದವು. ಅವುಗಳಲ್ಲಿ ಕೆಲವು ಗೂಢಲಿಪಿಯ ರಕ್ಷಣೆಯಿಲ್ಲದೆ ಇದ್ದವು. ಒಂದೇ ನಿಜವಾದ ಉತ್ತರವನ್ನು ಹತ್ತು ಕಡೆ ಬರೆದವನಿಗೆ, ಒಂದು ಕಡೆಯ ಕಳವು ಹತ್ತು ಕಡೆಯ ಕಳವಾಗಿ ಪರಿಣಮಿಸುತ್ತದೆ.

ಇಷ್ಟೆಲ್ಲ ಅಪಾಯಗಳು ದೂರದ ದೇಶದವು ಎಂದು ನಾವು ಭಾವಿಸಬಾರದು. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಬಸದಿಯ ಟ್ರಸ್ಟಿನವರು ಲೆಕ್ಕಪತ್ರಗಳ ನೆರವಿಗಾಗಿ ನನ್ನನ್ನು ಕರೆದಿದ್ದರು. ಅನೇಕ ವರ್ಷ ನಿಷ್ಠೆಯಿಂದ ಸೇವೆ ಸಲ್ಲಿಸಿದ ಕೋಶಾಧ್ಯಕ್ಷರು ಆಕಸ್ಮಿಕವಾಗಿ ತೀರಿಕೊಂಡಿದ್ದರು. ಟ್ರಸ್ಟಿನ ಇ-ಮೇಲ್ ಖಾತೆಯನ್ನು ತೆರೆದವರು ಅವರೇ. ಆದಾಯ ತೆರಿಗೆ ಇಲಾಖೆಯ ಸೂಚನೆಗಳು ಬರುತ್ತಿದ್ದುದು ಅದೇ ವಿಳಾಸಕ್ಕೆ. 2021ರ ಏಪ್ರಿಲ್ 1ರಿಂದ ಧಾರ್ಮಿಕ ಟ್ರಸ್ಟುಗಳೆಲ್ಲ 12ಎಬಿ ಕಲಮಿನನ್ವಯ ಹೊಸದಾಗಿ ನೋಂದಣಿ ಪಡೆಯಬೇಕಾಗಿ ಬಂದುದು ಓದುಗರಿಗೆ ತಿಳಿದೇ ಇದೆ. ಆ ಕಾಗದಗಳೂ ಅಲ್ಲಿಯೇ ಇದ್ದವು. ಪಾಸ್‌ವರ್ಡ್ ಯಾರಿಗೂ ತಿಳಿಯದು. ಅವರ ಮೊಬೈಲ್ ಸಂಖ್ಯೆ ನಿಂತುಹೋಗಿತ್ತು. ಉಳಿದ ದಾರಿ ಒಂದೇ: ಮೊದಲ ಶಾಲೆಯ ಹೆಸರು ಮತ್ತು ಮೆಚ್ಚಿನ ಗುರುಗಳ ಹೆಸರು.

ಶಾಲೆ ಯಾವುದೆಂದು ಊರಿಗೆಲ್ಲ ತಿಳಿದಿತ್ತು. ಆದರೆ ಸರ್ಕಾರಿ ಕನ್ನಡ ಗಂಡು ಮಕ್ಕಳ ಶಾಲೆ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎಷ್ಟು ಬಗೆಯಾಗಿ ಬರೆಯಬಹುದು! ಪೂರ್ಣವಾಗಿಯೋ, ಸಂಕ್ಷಿಪ್ತವಾಗಿಯೋ, ಊರಿನ ಹೆಸರು ಸೇರಿಸಿಯೋ ಬಿಟ್ಟೋ? ಮೂಡುಬಿದಿರೆ, ಶ್ರವಣಬೆಳಗೊಳ ಎಂಬ ನಮ್ಮ ಪ್ರಸಿದ್ಧ ಕ್ಷೇತ್ರಗಳನ್ನೇ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದನ್ನು ನೆನೆದರೆ ತೊಡಕು ಅರ್ಥವಾದೀತು. ಕೋಶಾಧ್ಯಕ್ಷರ ಪತ್ನಿ ನಮ್ಮ ಬಳಿ ಕುಳಿತು ಹೇಳಿದ ಮಾತು ಇನ್ನೂ ನೆನಪಿದೆ. ‘ಅವರು ಸುಳ್ಳು ಬರಿಯೋ ಪೈಕಿ ಅಲ್ರೀ ಅಣ್ಣಾರ. ಸಾಲಿ ಹೆಸರು ಖರೇನ ಇರಬೇಕು. ಹ್ಯಾಂಗ ಬರದಾರೋ ಏನೋ.’ ಕೆಲವು ಪ್ರಯತ್ನಗಳು ವಿಫಲವಾದ ಮೇಲೆ ಖಾತೆ ಮುಚ್ಚಿಕೊಂಡಿತು. ಬೇರೆ ಇ-ಮೇಲ್ ವಿಳಾಸವನ್ನು ಇಲಾಖೆಯಲ್ಲಿ ನೋಂದಾಯಿಸಿ ಕೆಲಸ ಮುಂದುವರಿಸಲು ತಿಂಗಳುಗಳೇ ಹಿಡಿದವು. ದಾನಿಗಳೊಡನೆ ನಡೆದ ಹಳೆಯ ಪತ್ರವ್ಯವಹಾರವೆಲ್ಲ ಕೈಬಿಟ್ಟಿತು. ಸತ್ಯವನ್ನೇ ಬರೆದ ಸಜ್ಜನರ ಉತ್ತರವು ಅವರ ನಂತರ ಬಸದಿಯ ಉಪಯೋಗಕ್ಕೆ ಬರಲಿಲ್ಲ.

ಈ ಪ್ರಸಂಗವನ್ನು ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ನನ್ನ ಮಗನಿಗೆ ಹೇಳಿದಾಗ ಅವನು, ‘ಅಪ್ಪಾ, ಖರೇ ಉತ್ತರ ಎಲ್ಲೂ ಕೊಡಬ್ಯಾಡ್ರಿ. ಏನರೆ ಒಂದು ಸುಳ್ಳು ಬರೀರಿ, ಬರದದ್ದನ್ನ ಪಾಸ್‌ವರ್ಡ್ ಮ್ಯಾನೇಜರ್‌ದಾಗ ಇಟ್ಟುಬಿಡ್ರಿ’ ಎಂದನು. ಉಪಾಯ ಸರಿಯೆಂದು ಬುದ್ಧಿಗೆ ತೋರಿದರೂ ‘ಸುಳ್ಳು’ ಎಂಬ ಪದ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿತು. ಅಣುವ್ರತವನ್ನು ಸ್ವೀಕರಿಸಿದವನು ಯಂತ್ರದ ಮುಂದೆಯಾದರೂ ಸುಳ್ಳನ್ನು ಬರೆಯಬಹುದೇ?

ಉತ್ತರಕ್ಕಾಗಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಮತ್ತೆ ತೆರೆದೆ. ಅಲ್ಲಿ ಅಸತ್ಯದ ಲಕ್ಷಣವನ್ನು ಹೇಳುವ ಸೂತ್ರಕ್ಕೆ ವ್ಯಾಖ್ಯಾನ ಬರೆಯುವಾಗ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿದ್ದಾರೆ. ಪ್ರಾಣಿಗಳಿಗೆ ಪೀಡೆಯನ್ನುಂಟುಮಾಡುವ ಮಾತು, ಇರುವ ವಿಷಯವನ್ನು ಕುರಿತದ್ದಾಗಲಿ ಇಲ್ಲದ ವಿಷಯವನ್ನು ಕುರಿತದ್ದಾಗಲಿ, ಅಪ್ರಶಸ್ತವೇ ಎಂಬುದು ಅವರ ಅಭಿಪ್ರಾಯ. ಪ್ರಮಾದವೂ ಕಷಾಯವೂ ಅಸತ್ಯದ ಬೇರುಗಳು. ಸತ್ಯಾಣುವ್ರತಕ್ಕೆ ಅದೇ ಅಧ್ಯಾಯದಲ್ಲಿ ಹೇಳಿರುವ ಐದು ಅತಿಚಾರಗಳು ವ್ಯಾಪಾರಿಗಳಾದ ನಮಗೆ ಪರಿಚಿತವೇ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ ಮತ್ತು ಸಾಕಾರಮಂತ್ರಭೇದ. ಇವುಗಳಲ್ಲಿ ಎರಡು, ಗುಟ್ಟನ್ನು ಬಯಲು ಮಾಡುವುದಕ್ಕೆ ಸಂಬಂಧಿಸಿದವು ಎಂಬುದನ್ನು ಗಮನಿಸಬೇಕು. ಸತ್ಯವ್ರತವೆಂದರೆ ತಿಳಿದುದನ್ನೆಲ್ಲ ಎಲ್ಲರ ಮುಂದೆ ಹೇಳುವುದೆಂದು ಆಚಾರ್ಯರು ಎಲ್ಲಿಯೂ ವಿಧಿಸಿಲ್ಲ. ಕಾಯ್ದುಕೊಳ್ಳಬೇಕಾದುದನ್ನು ಕಾಯ್ದುಕೊಳ್ಳುವುದೂ ಆ ವ್ರತದೊಳಗಿನ ಕರ್ತವ್ಯವೇ.

ನಮ್ಮ ಜವಳಿ ವ್ಯಾಪಾರದಲ್ಲಿಯೇ ಇದಕ್ಕೆ ನಿದರ್ಶನವಿದೆ. ಸೀರೆಯ ಚೀಟಿಯ ಮೇಲೆ ಖರೀದಿ ಬೆಲೆಯನ್ನು ಅಂಕಿಗಳಲ್ಲಿ ಬರೆಯದೆ ಅಕ್ಷರಗಳಲ್ಲಿ ಬರೆಯುವ ರೂಢಿ ಅನೇಕ ಅಂಗಡಿಗಳಲ್ಲಿತ್ತು. ಯಾವ ಅಕ್ಷರಕ್ಕೆ ಯಾವ ಅಂಕಿಯೆಂಬುದು ಮಾಲೀಕನಿಗೂ ಗುಮಾಸ್ತನಿಗೂ ಮಾತ್ರ ಗೊತ್ತು. ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನೂ ನಾವು ಕಂಡಿದ್ದೇವೆ. ಆ ಅಕ್ಷರವನ್ನಾಗಲಿ ಆ ಬೆರಳನ್ನಾಗಲಿ ಯಾರೂ ಸುಳ್ಳು ಎನ್ನಲಿಲ್ಲ. ಏಕೆಂದರೆ ಅದರಿಂದ ಯಾರಿಗೂ ಇಲ್ಲದ್ದನ್ನು ನಂಬಿಸಿದಂತಾಗಲಿಲ್ಲ. ಭದ್ರತಾ ಪ್ರಶ್ನೆಯ ಉತ್ತರವೂ ಇದೇ ಜಾತಿಯದು. ನಾವು ಹುಟ್ಟಿದ ಊರನ್ನು ತಿಳಿದುಕೊಳ್ಳುವ ಇಚ್ಛೆ ಆ ಯಂತ್ರಕ್ಕಿಲ್ಲ. ಮೊದಲ ದಿನ ಬರೆದ ಅಕ್ಷರಗಳೇ ಮತ್ತೆ ಬಂದವೇ ಎಂಬುದಷ್ಟೇ ಅದಕ್ಕೆ ಬೇಕು. ಉತ್ತರವು ಸಾಕ್ಷಿಯ ಹೇಳಿಕೆಯಾಗಿರದೆ ಕೀಲಿಕೈಯಾಗಿರುವಲ್ಲಿ, ಅದಕ್ಕೆ ಕೀಲಿಕೈಯ ನಿಯಮವೇ ಅನ್ವಯಿಸುತ್ತದೆ.

ಆದರೂ ಒಂದು ಎಚ್ಚರಿಕೆ ಅಗತ್ಯ. ಬ್ಯಾಂಕಿನ ಕೆವೈಸಿ ಅರ್ಜಿಯಲ್ಲಿ ತಾಯಿಯ ಹೆಸರು, ಜನ್ಮದಿನಾಂಕ, ವಿಳಾಸ ಕೇಳಿದಾಗ ಅದು ಹೇಳಿಕೆ. ಅಲ್ಲಿ ಸಹಿ ಮಾಡಿ ಸತ್ಯವನ್ನೇ ಬರೆಯಬೇಕು. ತೆರಿಗೆಯ ವಿವರಣಪಟ್ಟಿ, ಟ್ರಸ್ಟಿನ ವಾರ್ಷಿಕ ಲೆಕ್ಕ, ವಿಮೆಯ ಅರ್ಜಿ ಇವೆಲ್ಲಕ್ಕೂ ಇದೇ ಮಾತು. ಅಲ್ಲಿ ಬೇರೆಯದನ್ನು ಬರೆದರೆ ಕೂಟಲೇಖಕ್ರಿಯೆಯ ದೋಷ ತಪ್ಪದು; ಕಾನೂನಿನ ದಂಡವೂ ಬಂದೀತು. ಓದುವವನು ನಮ್ಮ ಮಾತನ್ನು ನಂಬಿ ಒಂದು ನಿರ್ಣಯಕ್ಕೆ ಬರುವಂತಿದ್ದರೆ ಅಲ್ಲಿ ಸತ್ಯವನ್ನು ಹೇಳುವುದು ಋಣ. ಬಾಗಿಲು ತೆರೆಯುವುದಕ್ಕಷ್ಟೇ ಬಳಕೆಯಾಗುವ ಅಕ್ಷರಗಳಲ್ಲಿ ಅಂತಹ ಋಣವಿಲ್ಲ. ಈ ಗೆರೆಯನ್ನು ಸ್ಪಷ್ಟವಾಗಿ ಎಳೆದುಕೊಂಡರೆ ಗೊಂದಲವಿರದು.

ಇನ್ನು ಮಗ ಹೇಳಿದ ‘ಏನಾದರೊಂದು ಸುಳ್ಳು’ ಎಂಬ ಮಾತನ್ನು ಪರಿಶೀಲಿಸೋಣ. 2015ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ಇದರ ಮೇಲೆ ಒಳ್ಳೆಯ ಬೆಳಕು ಚೆಲ್ಲುತ್ತದೆ. ವಿಚಾರಿಸಿದವರಲ್ಲಿ ಶೇ. 37ರಷ್ಟು ಮಂದಿ ಬೇಕೆಂದೇ ಸುಳ್ಳು ಉತ್ತರ ಕೊಟ್ಟಿದ್ದುದಾಗಿ ಒಪ್ಪಿಕೊಂಡಿದ್ದರು. ಅದರಿಂದ ಭದ್ರತೆ ಹೆಚ್ಚಾಗುವ ಬದಲು ಕಡಿಮೆಯಾಯಿತು. ಏಕೆಂದರೆ ಜನರು ಕಲ್ಪಿಸುವ ಸುಳ್ಳುಗಳು ಒಂದೇ ತೆರನಾಗಿರುತ್ತವೆ, ಊಹೆಗೆ ಬೇಗ ಸಿಗುತ್ತವೆ. ಇಂಗ್ಲಿಷ್ ಬಳಸುವ ಅಮೆರಿಕದವರಲ್ಲಿ ಶೇ. 40ರಷ್ಟು ಮಂದಿಗೆ ಬೇಕಾದ ಸಮಯದಲ್ಲಿ ತಮ್ಮ ಉತ್ತರ ನೆನಪಿಗೆ ಬರಲಿಲ್ಲ. ಮೆಚ್ಚಿನ ತಿಂಡಿ ಯಾವುದೆಂಬ ಪ್ರಶ್ನೆಗಂತೂ ಒಂದೇ ಊಹೆಯಲ್ಲಿ ಉತ್ತರ ಸಿಗುವ ಸಂಭವ ಶೇ. 19.7ರಷ್ಟಿತ್ತು. ನಂಬಲರ್ಹವಾದ ಸುಳ್ಳು ವ್ರತಕ್ಕೂ ಒಗ್ಗದು, ಬೀಗಕ್ಕೂ ಒದಗದು.

ಸುರಕ್ಷಿತವಾದ ಉತ್ತರವು ಸುಳ್ಳಾಗಿರಬೇಕಾಗಿಲ್ಲ. ಅದು ಏನನ್ನೂ ಹೇಳದಿದ್ದರೆ ಸಾಕು. ಹುಟ್ಟಿದ ಊರು ಯಾವುದೆಂಬಲ್ಲಿ ‘ಕೊಡೆ ನೇಗಿಲು ಗುಲಾಬಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಅದನ್ನು ಯಾರೂ ಊರೆಂದು ಭ್ರಮಿಸುವುದಿಲ್ಲ. ಅಲ್ಲಿ ಅಸತ್ಯಕ್ಕೆ ಎಡೆಯೇ ಇಲ್ಲ. ಪದಗಳನ್ನು ನಾವೇ ಆರಿಸದೆ ದಾಳಕ್ಕೋ ಯಂತ್ರಕ್ಕೋ ಬಿಡುವುದು ಮೇಲು. ಮನುಷ್ಯನ ಮನಸ್ಸು ತನಗೆ ಪ್ರಿಯವಾದುದನ್ನೇ ಆರಿಸುತ್ತದೆ. ಐದು ದಾಳಗಳನ್ನು ಉರುಳಿಸಿ ಒಂದೊಂದು ಪದವನ್ನು ಆರಿಸುವಂತೆ 7,776 ಪದಗಳ ಪಟ್ಟಿಗಳಿವೆ. ಅಂತಹ ಪಟ್ಟಿಯಿಂದ ಮೂರು ಪದಗಳನ್ನು ಆರಿಸಿದರೆ 47,018 ಕೋಟಿಗೂ ಹೆಚ್ಚು ಜೋಡಣೆಗಳು ಸಾಧ್ಯ. ಅರ್ಥವಿಲ್ಲದ ಅಕ್ಷರರಾಶಿಗಿಂತ ಪದಗಳೇ ಲೇಸು ಎನ್ನುವುದಕ್ಕೆ ವ್ಯಾವಹಾರಿಕ ಕಾರಣವಿದೆ. ದೂರವಾಣಿಯಲ್ಲಿ ಉತ್ತರ ಕೇಳಿದಾಗ ಪದಗಳನ್ನು ಓದಿ ಹೇಳಬಹುದು. ಉತ್ತರವು ಬರೀ ಗೋಜಲಾಗಿದ್ದರೆ, ‘ಏನೇನೋ ಅಕ್ಷರ ಹೊಡೆದಿದ್ದೆ’ ಎಂದು ಹೇಳಿದ ವಂಚಕನನ್ನು ಬೇಸತ್ತ ಸಿಬ್ಬಂದಿ ಒಳಗೆ ಬಿಟ್ಟುಕೊಳ್ಳುವ ಸಂಭವವಿದೆ.

ಇಂತಹ ಉತ್ತರಗಳನ್ನು ನೆನಪಿನಲ್ಲಿಡುವುದು ಅಸಾಧ್ಯ, ಇಡಬೇಕಾಗಿಯೂ ಇಲ್ಲ. ಅದಕ್ಕಾಗಿಯೇ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶಗಳಿವೆ. ಇದು ಗೂಢಲಿಪಿಯಲ್ಲಿ ಬರೆದ ಒಂದು ರೋಜುಕೀರ್ದಿ ಎಂದು ತಿಳಿಯಬಹುದು. ತೆರೆಯಲು ಮಾಸ್ಟರ್ ಪಾಸ್‌ವರ್ಡ್ ಎಂಬ ಒಂದೇ ಕೀಲಿಕೈ. 2003ರಿಂದ ಬಳಕೆಯಲ್ಲಿರುವ ಕೀಪಾಸ್ ತನ್ನ ಕಡತವನ್ನು ನಮ್ಮ ಗಣಕಯಂತ್ರದಲ್ಲಿಯೇ ಇಡುತ್ತದೆ. ಬಿಟ್‌ವಾರ್ಡನ್‌ನಂತಹವು ಗೂಢಲಿಪಿಯಲ್ಲಿ ಅಂತರ್ಜಾಲದ ಮೂಲಕ ನಮ್ಮ ಎಲ್ಲ ಸಾಧನಗಳಿಗೂ ಒದಗಿಸುತ್ತವೆ. ಪ್ರತಿ ಖಾತೆಯ ನಮೂದಿನಲ್ಲಿ ಹೆಸರು, ಪಾಸ್‌ವರ್ಡ್‌ಗಳಲ್ಲದೆ ನಾವೇ ಹೆಸರಿಡಬಹುದಾದ ಹೆಚ್ಚುವರಿ ಅಂಕಣಗಳನ್ನು ಸೇರಿಸಬಹುದು. ಪ್ರಶ್ನೆಯನ್ನು ಜಾಲತಾಣದಲ್ಲಿರುವಂತೆಯೇ ಅಂಕಣದ ಹೆಸರಾಗಿ ಬರೆದು, ಉತ್ತರವನ್ನು ಮರೆಯಾಗಿ ಕಾಣುವ ಬಗೆಯ ಅಂಕಣದಲ್ಲಿ ಇಡಬೇಕು. ಒನ್‌ಪಾಸ್‌ವರ್ಡ್ ಎಂಬುದರಲ್ಲಿ ಭದ್ರತಾ ಪ್ರಶ್ನೆಗಳಿಗೆಂದೇ ಪ್ರತ್ಯೇಕ ಅಂಕಣವಿದೆ.

ತುಂಬುವ ಕ್ರಮದ ಬಗ್ಗೆಯೂ ಒಂದು ಮಾತು. ಬಿಟ್‌ವಾರ್ಡನ್‌ನಲ್ಲಿ, ಪುಟದ ಪೆಟ್ಟಿಗೆಗೆ ಒಳಗೊಳಗೆ ಇರುವ ಹೆಸರನ್ನೇ ಅಂಕಣಕ್ಕೆ ಇಟ್ಟರೆ ಉತ್ತರ ತಾನಾಗಿಯೇ ಭರ್ತಿಯಾಗುತ್ತದೆ. ಆದರೆ ಅನೇಕ ತಾಣಗಳು ಒಂದೇ ಪೆಟ್ಟಿಗೆಯ ಮೇಲೆ ಒಂದೊಂದು ಸಲ ಒಂದೊಂದು ಪ್ರಶ್ನೆಯನ್ನು ಕೇಳುತ್ತವೆ. ಅಲ್ಲಿ ಪ್ರಶ್ನೆಯನ್ನು ಓದಿ, ತಕ್ಕ ಉತ್ತರವನ್ನು ನಕಲು ಮಾಡಿ ಹಾಕುವುದೇ ಕ್ಷೇಮ. ತಾಣದ ವಿಳಾಸ ಹೊಂದದಿದ್ದರೆ ಮ್ಯಾನೇಜರ್ ತಾನಾಗಿ ಏನನ್ನೂ ಸೂಚಿಸದು. ಹಾಗೆ ಅದು ಸುಮ್ಮನಿದ್ದರೆ, ಪುಟ ನಕಲಿಯೇ ಎಂದು ನಾವು ಎಚ್ಚರಗೊಳ್ಳಬೇಕು. ಒಂದು ಖಾತೆಯ ಉತ್ತರವನ್ನು ಮತ್ತೊಂದಕ್ಕೆ ಎಂದಿಗೂ ಬಳಸಬಾರದು.

ಎಲ್ಲವನ್ನೂ ಒಂದೇ ತಿಜೋರಿಯಲ್ಲಿಡುವುದು ಸರಿಯೇ ಎಂಬ ಶಂಕೆ ಸಹಜ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಸಂಸ್ಥೆಯಿಂದ ಗ್ರಾಹಕರ ಗೂಢಲಿಪಿಯ ಕಡತಗಳ ಪ್ರತಿಗಳೇ ಕಳುವಾದವು. ಅಂತಹ ಕಡತವು ಕಳ್ಳನ ಕೈ ಸೇರಿದಾಗ ಅದನ್ನು ಕಾಯುವುದು ಮಾಸ್ಟರ್ ಪಾಸ್‌ವರ್ಡಿನ ಬಲ ಒಂದೇ. ಆದ್ದರಿಂದ ಅದು ಕನಿಷ್ಠ ಐದಾರು ಪದಗಳಷ್ಟು ದೀರ್ಘವಾಗಿರಬೇಕು. ಎರಡನೆಯ ಹಂತದ ದೃಢೀಕರಣವನ್ನೂ ಇಟ್ಟುಕೊಳ್ಳಬೇಕು. ತಿಜೋರಿಯ ಕೀಲಿ ಕಳೆದರೆ ಪಾಸ್‌ವರ್ಡೂ ಉತ್ತರವೂ ಒಟ್ಟಿಗೆ ಹೋಗುವುದರಿಂದ, ಮುಖ್ಯ ಖಾತೆಗಳ ವಿವರವನ್ನು ಕಾಗದದಲ್ಲಿ ಬರೆದು ಮೊಹರು ಮಾಡಿ ಬ್ಯಾಂಕಿನ ಲಾಕರಿನಲ್ಲಿ ಇಡುವುದು ಹಿತ. ಈ ಪ್ರಶ್ನೆಗಳ ಬಳಕೆ ಕ್ರಮೇಣ ಕಡಿಮೆಯಾಗುತ್ತಿದೆ. ಅಮೆರಿಕದ ಮಾನಕ ಸಂಸ್ಥೆ 2017ರ ತನ್ನ ನಿಯಮಾವಳಿಯಲ್ಲಿ ಇಂತಹ ಪ್ರಶ್ನೆಗಳನ್ನು ಕೈಬಿಟ್ಟಿತು. ನಮ್ಮಲ್ಲಿ ಒಟಿಪಿ ಮುಂದೆ ಬಂದಿದೆ. ಆದರೂ ಹಳೆಯ ಖಾತೆಗಳಲ್ಲಿ ಹಳೆಯ ಉತ್ತರಗಳು ಉಳಿದೇ ಇರುತ್ತವೆ. ಅವುಗಳನ್ನು ಹುಡುಕಿ ಬದಲಾಯಿಸುವುದು ನಮ್ಮ ಹೊಣೆ.

ಟ್ರಸ್ಟುಗಳ ಹೊಣೆ ಇನ್ನೂ ದೊಡ್ಡದು. ಶಾಸ್ತ್ರದಲ್ಲಿ ನ್ಯಾಸವೆಂದರೆ ನಂಬಿ ಇಟ್ಟ ಒತ್ತೆ. ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ ಅಷ್ಟನ್ನೇ ಕೊಟ್ಟು ಸುಮ್ಮನಿರುವುದನ್ನು ನ್ಯಾಸಾಪಹಾರವೆಂದು ವ್ಯಾಖ್ಯಾನಿಸಿದ್ದಾರೆ. ಪದಾಧಿಕಾರಿಯ ಕೈಯಲ್ಲಿರುವ ಖಾತೆ ಸಮಾಜವು ಇಟ್ಟ ನ್ಯಾಸ. ಅದರ ಕೀಲಿ ಒಬ್ಬರ ನೆನಪಿನೊಡನೆ ಅಳಿದುಹೋದರೆ, ಅವರ ಮನಸ್ಸಿನಲ್ಲಿ ಲೇಶವೂ ದೋಷವಿಲ್ಲದಿದ್ದರೂ, ಒತ್ತೆ ಇಟ್ಟವರಿಗೆ ಒದಗುವ ನಷ್ಟ ಮಾತ್ರ ಒಂದೇ. ಆದುದರಿಂದ ಟ್ರಸ್ಟಿನ ಖಾತೆಗಳನ್ನು ಟ್ರಸ್ಟಿನ ಹೆಸರಿನಲ್ಲಿಯೇ ತೆರೆಯಬೇಕು. ಅವುಗಳ ಉತ್ತರಗಳಲ್ಲಿ ಯಾವ ವ್ಯಕ್ತಿಯ ಶಾಲೆ, ಗುರು, ತವರುಮನೆಗಳೂ ಬರಬಾರದು. ಪಾಸ್‌ವರ್ಡ್ ಮ್ಯಾನೇಜರಿನ ಕೀಲಿ ಇಬ್ಬರು ಟ್ರಸ್ಟಿಗಳ ಬಳಿ ಇರಲಿ. ಪದಾಧಿಕಾರಿಗಳು ಬದಲಾದಾಗ ಕೀಲಿಯನ್ನೂ ಉತ್ತರಗಳನ್ನೂ ಬದಲಾಯಿಸಿ, ಹಸ್ತಾಂತರವನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಲಿ.

ಮನೆಯಲ್ಲಿಯೂ ಈ ಕೆಲಸವನ್ನು ವರ್ಷಕ್ಕೊಮ್ಮೆ ಮಾಡಬಹುದು. ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸುವುದು ನಮ್ಮ ವ್ಯಾಪಾರಿ ಮನೆತನಗಳ ಸಂಪ್ರದಾಯ. ಅದರ ಮರುದಿನ ಒಂದು ಗಂಟೆ ಬಿಡುವು ಮಾಡಿಕೊಂಡು, ಪತ್ನಿಯನ್ನೋ ಮಕ್ಕಳನ್ನೋ ಬಳಿಯಲ್ಲಿ ಕೂರಿಸಿಕೊಂಡು, ಯಾವ ಖಾತೆ ಎಲ್ಲಿದೆ, ಮೊಹರಿನ ಲಕೋಟೆ ಎಲ್ಲಿದೆ ಎಂಬುದನ್ನು ತಿಳಿಸಿದರೆ ಸಾಕು. ನಾವಿಲ್ಲದ ದಿನ ನಮ್ಮವರು ನಮ್ಮ ನೆನಪುಗಳನ್ನು ಊಹಿಸುತ್ತ ಯಂತ್ರದ ಮುಂದೆ ಕುಳಿತುಕೊಳ್ಳಬೇಕಾದ ಪ್ರಸಂಗ ಬಾರದಿರಲಿ ಎಂಬುದೇ ನನ್ನ ವಿನಮ್ರ ಪ್ರಾರ್ಥನೆ.